ಹಳೆಯ ಲ್ಯಾಪ್‌ಟಾಪ್, ವ್ಯಾಲೊರೆಂಟ್ ಆಡುವ ಮಗ, ನುಡಿಯಲ್ಲಿರುವ ಮದುವೆ ಪತ್ರಿಕೆ: ಲಿನಕ್ಸ್‌ಗೆ ಹೋಗಬಹುದೇ?

ಓದುಗರ ಪ್ರಶ್ನೆ: "ಹುಬ್ಬಳ್ಳಿಯಲ್ಲಿ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಹ್ಯಾಂಡ್‌ಬಿಲ್, ಫ್ಲೆಕ್ಸ್ ಮಾಡ್ತೀವಿ. ಸೀಸನ್‌ನಲ್ಲಿ ಮದುವೆ ವಿಡಿಯೊ ಎಡಿಟಿಂಗೂ ಬರುತ್ತೆ. ಲ್ಯಾಪ್‌ಟಾಪ್ 2018ರಲ್ಲಿ ತಗೊಂಡಿದ್ದು: ಇಂಟೆಲ್ ಐ5 7300ಎಚ್‌ಕ್ಯು, 8 ಜಿಬಿ ರ‍್ಯಾಮ್, ಎನ್ವಿಡಿಯಾ ಜಿಟಿಎಕ್ಸ್ 1050 ಟಿಐ 4 ಜಿಬಿ, 128 ಜಿಬಿ ಎಸ್‌ಎಸ್‌ಡಿ, 1 ಟಿಬಿ ಹಾರ್ಡ್‌ಡಿಸ್ಕ್. ಕೋರೆಲ್‌ಡ್ರಾ, ಫೋಟೊಶಾಪ್, ಪ್ರೀಮಿಯರ್, ಕನ್ನಡ ಟೈಪಿಂಗ್‌ಗೆ ನುಡಿ ಇಷ್ಟರಲ್ಲೇ ಅಂಗಡಿ ನಡೀತದೆ. ರಾತ್ರಿ ಅದೇ ಲ್ಯಾಪ್‌ಟಾಪ್‌ನಲ್ಲಿ ಮಗ ವ್ಯಾಲೊರೆಂಟ್, ಜಿಟಿಎ 5 ಆಡ್ತಾನೆ. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿದೆ, 11 ಹಾಕೋಕೆ ಹೋದ್ರೆ ಪ್ರೊಸೆಸರ್ ನಡೆಯಲ್ಲ ಅನ್ನುತ್ತೆ. ರಿಪೇರಿಯವರು 'ಲಿನಕ್ಸ್‌ನಲ್ಲಿ ಗೇಮೂ ಇಲ್ಲ, ಫೋಟೊಶಾಪೂ ಇಲ್ಲ, ಹೊಸದು ತಗೊಳ್ರಿ' ಅಂತಾರೆ. ಮಗನ ಗೆಳೆಯ 'ಈಗ ಎಲ್ಲಾ ಓಡುತ್ತೆ ಆಂಟಿ, ವಿಂಡೋಸ್ ತೆಗೆದುಹಾಕಿ' ಅಂತಾನೆ. ಯಾರ ಮಾತು ನಂಬಲಿ? ಕನ್ನಡ ಟೈಪಿಂಗ್ ಏನಾಗುತ್ತೆ?"

ಉತ್ತರ: ಮಷೀನು ಇನ್ನೂ ಗಟ್ಟಿಮುಟ್ಟಾಗಿದೆ, ಎಸೆಯಲು ಮನಸ್ಸಿಲ್ಲ, ಹಾಗೆಂದು ಅಂಗಡಿಯ ಅನ್ನಕ್ಕೆ ಕಲ್ಲು ಬೀಳಬಾರದು. ನಿಮ್ಮ ಆತಂಕ ಇದು ಎಂದುಕೊಂಡು ಉತ್ತರಿಸುತ್ತೇನೆ. ಲಿನಕ್ಸ್ ಎಂದರೆ ವಿಂಡೋಸ್ ಜಾಗದಲ್ಲಿ ಹಾಕಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್. ನಿಮಗೆ ಸಲಹೆ ಕೊಟ್ಟ ಇಬ್ಬರೂ ಅರ್ಧ ಸರಿ. ರಿಪೇರಿಯವರ ಮಾತು 2017ರವರೆಗೆ ಹೆಚ್ಚುಕಡಿಮೆ ನಿಜವಾಗಿತ್ತು. ಹುಡುಗನ ಮಾತು ಒಬ್ಬನೇ ಕೂತು ಆಡುವ ಆಟಗಳ ಮಟ್ಟಿಗೆ ಬಹುಪಾಲು ನಿಜ, ನಿಮ್ಮ ಮಗ ಆಡುವ ವ್ಯಾಲೊರೆಂಟ್ ವಿಷಯದಲ್ಲಿ ಪೂರ್ತಿ ಸುಳ್ಳು. ಅಂಗಡಿ ಕೆಲಸದಲ್ಲಿ ತೊಡಕು ಇರುವುದು ಸಾಫ್ಟ್‌ವೇರ್‌ನ ಶಕ್ತಿಯಲ್ಲಿ ಅಲ್ಲ, ಬೇರೆಯವರ ಜೊತೆ ಫೈಲ್ ಕೊಟ್ಟು ತೆಗೆದುಕೊಳ್ಳುವಲ್ಲಿ.

ಹಾಗಾಗಿ "ಲಿನಕ್ಸ್ ಚೆನ್ನಾಗಿದೆಯಾ" ಎಂದು ಕೇಳಿದರೆ ಉಪಯೋಗವಿಲ್ಲ. ಒಂದು ಹಾಳೆಯಲ್ಲಿ ನೀವು ಬಳಸುವ ಒಂದೊಂದು ಪ್ರೋಗ್ರಾಂ ಬರೆದು, ಅದು ಇಲ್ಲದಿದ್ದರೆ ಯಾವ ಗಿರಾಕಿ ಕೈತಪ್ಪುತ್ತಾನೆ ಎಂದು ಪಕ್ಕದಲ್ಲಿ ಬರೆಯಿರಿ. ತೀರ್ಮಾನ ಆ ಹಾಳೆಯಿಂದ ಬರಬೇಕು.

ಆಟಗಳು: ಯಾವುದು ಓಡುತ್ತದೆ, ಯಾವುದು ಓಡುವುದಿಲ್ಲ, ಏಕೆ

2018ರ ಆಗಸ್ಟ್‌ನಲ್ಲಿ ವಾಲ್ವ್ ಕಂಪನಿ ಆಟ ಮಾರುವ ತನ್ನ ಆನ್‌ಲೈನ್ ಅಂಗಡಿ ಸ್ಟೀಮ್‌ನೊಳಗೆ, ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಎಂಬ ಸೌಲಭ್ಯ ಸೇರಿಸಿತು. 1993ರಿಂದ ಬೆಳೆದುಬಂದ ವೈನ್ ಅದರ ಬುಡ. ವಿಂಡೋಸ್‌ಗೆ ಬರೆದ ಪ್ರೋಗ್ರಾಂ "ಈ ಫೈಲ್ ತೆರೆ, ಈ ಕಿಟಕಿ ಬಿಡಿಸು" ಎಂದು ಕೇಳಿದ್ದನ್ನು ವೈನ್ ಲಿನಕ್ಸ್‌ಗೆ ತಿಳಿಯುವಂತೆ ದಾಟಿಸುತ್ತದೆ. ವಿಂಡೋಸ್ ಆಟಗಳು ಚಿತ್ರ ಬಿಡಿಸಲು ಬಳಸುವ ಡೈರೆಕ್ಟ್‌ಎಕ್ಸ್ ಎಂಬ ಗ್ರಾಫಿಕ್ಸ್ ಭಾಗವನ್ನು ಇನ್ನೆರಡು ಪದರಗಳು ನೋಡಿಕೊಳ್ಳುತ್ತವೆ: ಡೈರೆಕ್ಟ್‌ಎಕ್ಸ್ 11 ಮತ್ತು ಅದಕ್ಕಿಂತ ಹಳೆಯದಕ್ಕೆ ಡಿಎಕ್ಸ್‌ವಿಕೆ, ಡೈರೆಕ್ಟ್‌ಎಕ್ಸ್ 12ಕ್ಕೆ ವಿಕೆಡಿ3ಡಿ-ಪ್ರೋಟಾನ್. ಎರಡೂ ಅದನ್ನು ಕೊನೆಗೆ ಲಿನಕ್ಸ್‌ನಲ್ಲೂ ನಡೆಯುವ ವಲ್ಕನ್ ಎಂಬ ಗ್ರಾಫಿಕ್ಸ್ ವ್ಯವಸ್ಥೆಗೆ ಇಳಿಸುತ್ತವೆ. 2022ರ ಫೆಬ್ರುವರಿಯಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಯಂತ್ರವೂ ಲಿನಕ್ಸ್‌ನಲ್ಲೇ ನಡೆಯುತ್ತದೆ. ಅದರಿಂದಾಗಿ ಪ್ರೋಟಾನ್‌ಗೆ ಹಣ, ಜನ ಎರಡೂ ಹರಿದುಬಂದವು. ಸೈಬರ್‌ಪಂಕ್ 2077, ಎಲ್ಡನ್ ರಿಂಗ್, ವಿಚರ್ 3, ರೆಡ್ ಡೆಡ್ ರಿಡೆಂಪ್ಶನ್ 2 ಕಥಾಭಾಗ ಎಲ್ಲ ಓಡುತ್ತವೆ. ಕೌಂಟರ್-ಸ್ಟ್ರೈಕ್ 2, ಡೋಟಾ 2 ಮತ್ತು ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಗೆ ಪ್ರೋಟಾನ್ ಕೂಡ ಬೇಡ, ನೇರ ಲಿನಕ್ಸ್ ಆವೃತ್ತಿಯೇ ಇದೆ.

ಇನ್ನು ವ್ಯಾಲೊರೆಂಟ್. ಅದರ ಜೊತೆ ಬರುವ ವ್ಯಾನ್‌ಗಾರ್ಡ್ ಎಂಬ ಮೋಸ-ತಡೆ ಸಾಫ್ಟ್‌ವೇರ್ ವಿಂಡೋಸ್‌ನ ತಿರುಳಾದ ಕರ್ನೆಲ್‌ನೊಳಗೆ, ಡ್ರೈವರ್ ರೂಪದಲ್ಲಿ, ಕಂಪ್ಯೂಟರ್ ಆನ್ ಆದಾಗಿನಿಂದಲೇ ಕೂತಿರುತ್ತದೆ. ವೈನ್ ಅನುಕರಿಸುವುದು ಕರ್ನೆಲ್‌ನ ಮೇಲಿನ ಪದರವನ್ನು ಮಾತ್ರ. ವ್ಯಾನ್‌ಗಾರ್ಡ್ ಕೂರಲು ಹುಡುಕುವ ವಿಂಡೋಸ್ ಕರ್ನೆಲ್ ಅಲ್ಲಿ ಇಲ್ಲವೇ ಇಲ್ಲ. ಸೆಟ್ಟಿಂಗ್ ತಿರುವಿ ಸರಿಮಾಡುವ ವಿಷಯ ಇದಲ್ಲ. ಯೂಟ್ಯೂಬ್‌ನಲ್ಲಿ "ಲಿನಕ್ಸ್‌ನಲ್ಲಿ ವ್ಯಾಲೊರೆಂಟ್" ಎಂದು ತೋರಿಸುವ ಉಪಾಯಗಳು ವರ್ಚುವಲ್ ಮಷೀನ್ (ಕಂಪ್ಯೂಟರ್‌ನೊಳಗೆ ಸಾಫ್ಟ್‌ವೇರ್‌ನಿಂದ ಮಾಡಿದ ಇನ್ನೊಂದು ಕಂಪ್ಯೂಟರ್) ಬಳಸುತ್ತವೆ, ವ್ಯಾನ್‌ಗಾರ್ಡ್ ಅದನ್ನು ಹಿಡಿಯುತ್ತದೆ, ಖಾತೆ ಕಳೆದುಕೊಳ್ಳುವ ಅಪಾಯವಿದೆ. ಮಗ ವರ್ಷಗಟ್ಟಲೆ ಕೂಡಿಟ್ಟ ಸ್ಕಿನ್‌ಗಳು ಅದರಲ್ಲಿದ್ದರೆ ಆ ಸಾಹಸ ಬೇಡ.

ಇನ್ನೊಂದು ಬಗೆಯೂ ಇದೆ. ಈಸಿ ಆ್ಯಂಟಿ-ಚೀಟ್, ಬ್ಯಾಟಲ್‌ಐ ಎಂಬ ಮೋಸ-ತಡೆ ಸಾಫ್ಟ್‌ವೇರ್‌ಗಳೆರಡೂ 2021ರಲ್ಲೇ ಪ್ರೋಟಾನ್‌ಗೆ ಹೊಂದಿಕೊಂಡವು. ಆದರೆ ಅದನ್ನು ಆನ್ ಮಾಡುವುದು ಆಟದ ಕಂಪನಿಯ ಇಷ್ಟ. ಜಿಟಿಎ ಆನ್‌ಲೈನ್ 2024ರ ಸೆಪ್ಟೆಂಬರ್‌ನಲ್ಲಿ ಬ್ಯಾಟಲ್‌ಐ ಸೇರಿಸಿತು, ಲಿನಕ್ಸ್‌ಗೆ ಅನುಮತಿ ಕೊಡಲಿಲ್ಲ. ಅದುವರೆಗೆ ಆಡುತ್ತಿದ್ದವರು ರಾತ್ರೋರಾತ್ರಿ ಹೊರಗಾದರು. ಏಪೆಕ್ಸ್ ಲೆಜೆಂಡ್ಸ್ ಎರಡೂವರೆ ವರ್ಷ ಚೆನ್ನಾಗಿ ಓಡಿತ್ತು, ಮೋಸಗಾರರು ಲಿನಕ್ಸ್ ದಾರಿ ಹಿಡಿಯುತ್ತಾರೆ ಎಂದು ಹೇಳಿ 2024ರ ಅಕ್ಟೋಬರ್ 31ರಂದು ನಿಲ್ಲಿಸಿದರು. ಫೋರ್ಟ್‌ನೈಟ್, ಪಬ್‌ಜಿ, ಇತ್ತೀಚಿನ ಕಾಲ್ ಆಫ್ ಡ್ಯೂಟಿ, ಇಎ ಎಫ್‌ಸಿ ಸರಣಿ, ಬ್ಯಾಟಲ್‌ಫೀಲ್ಡ್ 6 ಇವೂ ಇಲ್ಲ. ಆನ್‌ಲೈನ್ ಪೈಪೋಟಿಯ ಆಟ ಇವತ್ತು ಓಡಿತು ಎಂದರೆ ಇವತ್ತು ಓಡಿತು ಅಷ್ಟೇ, ನಾಳೆಗೆ ಅದು ಭರವಸೆಯಲ್ಲ.

ಜಿಟಿಎ 5ರ ಕಥಾಭಾಗ ನಿಮ್ಮ ಲ್ಯಾಪ್‌ಟಾಪ್‌ನಲ್ಲೇ ಓಡುತ್ತದೆ. ಸ್ಟೀಮ್‌ನಲ್ಲಿ ಈಗ ಎರಡು ಆವೃತ್ತಿಗಳಿವೆ. "ಲೆಗಸಿ" ಎಂದಿರುವುದನ್ನು ಹಾಕಿ, ಅದು ಡೈರೆಕ್ಟ್‌ಎಕ್ಸ್ 11. 2025ರಲ್ಲಿ ಬಂದ "ಎನ್‌ಹ್ಯಾನ್ಸ್ಡ್" ಡೈರೆಕ್ಟ್‌ಎಕ್ಸ್ 12 ಕೇಳುತ್ತದೆ. ನಿಮ್ಮ 1050 ಟಿಐ ಪ್ಯಾಸ್ಕಲ್ ಪೀಳಿಗೆಯದು. ಆ ಪೀಳಿಗೆಯ ಕಾರ್ಡುಗಳಲ್ಲಿ ಡೈರೆಕ್ಟ್‌ಎಕ್ಸ್ 12 ಆಟಗಳು ಲಿನಕ್ಸ್‌ನಲ್ಲಿ ವಿಂಡೋಸ್‌ಗಿಂತ ಎದ್ದುಕಾಣುವಷ್ಟು ನಿಧಾನ. ಡೈರೆಕ್ಟ್‌ಎಕ್ಸ್ 11ರಲ್ಲಿ ವ್ಯತ್ಯಾಸ ಕಡಿಮೆ. ಆಟ ಶುರುವಾಗುವ ಮುನ್ನ ರಾಕ್‌ಸ್ಟಾರ್ ಲಾಂಚರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಬ್ಯಾಟಲ್‌ಐ ಆಫ್ ಮಾಡಬೇಕು, ಇಲ್ಲದಿದ್ದರೆ ಕಥಾಭಾಗಕ್ಕೂ ತಕರಾರು ಬರಬಹುದು.

ಮೊದಲು ಎಡವುವ ಜಾಗಗಳು

ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ, ಅವನ್ನು ಡಿಸ್ಟ್ರೊ ಎನ್ನುತ್ತಾರೆ. ನಿಮ್ಮ ಮಷೀನಿಗೆ ನನ್ನ ಆಯ್ಕೆ ಲಿನಕ್ಸ್ ಮಿಂಟ್ 22ರ ಸಾಲು. ಉಬುಂಟು 24.04ರ ಮೇಲೆ ಕಟ್ಟಿದ್ದು, 2029ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಹುಡುಗರು ಬಾಜೈಟ್, ಕ್ಯಾಶಿಒಎಸ್ ಎಂದು ಹೇಳಬಹುದು. ಹೊಸ ಎಎಂಡಿ ಕಾರ್ಡಿದ್ದರೆ ಅವು ಒಳ್ಳೆಯವೇ, ಏಕೆಂದರೆ ಹೊಸ ಹಾರ್ಡ್‌ವೇರ್‌ಗೆ ಹೊಸ ಕರ್ನೆಲ್, ಮೇಸಾ ಎಂಬ ಗ್ರಾಫಿಕ್ಸ್ ಡ್ರೈವರ್ ಕಟ್ಟಿನ ಹೊಸ ಆವೃತ್ತಿ ಬೇಕು. ನಿಮ್ಮದು ತದ್ವಿರುದ್ಧ. ಪ್ಯಾಸ್ಕಲ್ ಕಾರ್ಡುಗಳಿಗೆ ಎನ್ವಿಡಿಯಾ ಕೊಡುವ ಕೊನೆಯ ಡ್ರೈವರ್ ಸಾಲು 580. ಸದಾ ಹೊಸದಕ್ಕೆ ಓಡುವ ಡಿಸ್ಟ್ರೊಗಳು ಅದನ್ನು ದಾಟಿ ಮುಂದೆ ಹೋದ ದಿನ ನಿಮ್ಮ ಪರದೆ ಕಪ್ಪಾಗಬಹುದು. ನಿಧಾನವಾಗಿ ಬದಲಾಗುವ ಮಿಂಟ್ ಇಲ್ಲಿ ಕ್ಷೇಮ.

ಡ್ರೈವರ್ ಹಾಕುವಾಗಲೇ ಹೆಚ್ಚಿನವರು ಎಡವುತ್ತಾರೆ, ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮಿಂಟ್‌ನ "ಡ್ರೈವರ್ ಮ್ಯಾನೇಜರ್" ತೆರೆದರೆ ಒಂದೇ ಸಂಖ್ಯೆಯ ಎರಡು ಎನ್ವಿಡಿಯಾ ಡ್ರೈವರ್ ಕಾಣಬಹುದು. ಒಂದರ ಹೆಸರಿನ ಕೊನೆಗೆ "ಓಪನ್" ಎಂದಿರುತ್ತದೆ. ಹೆಸರು ಚೆನ್ನಾಗಿದೆ ಎಂದು ಅದನ್ನು ಆರಿಸಬೇಡಿ. ಓಪನ್ ಮಾದರಿ ಕೆಲಸ ಮಾಡುವುದು ಜಿಟಿಎಕ್ಸ್ 16, ಆರ್‌ಟಿಎಕ್ಸ್ 20 ಸರಣಿಯಿಂದ ಈಚೆಗಿನ ಕಾರ್ಡುಗಳಿಗೆ. 1050 ಟಿಐಗೆ ಅದನ್ನು ಹಾಕಿದರೆ ಕಾರ್ಡೇ ಪತ್ತೆಯಾಗುವುದಿಲ್ಲ. "ಓಪನ್" ಇಲ್ಲದ 580 ಬೇಕು.

ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗಿನ ಸೆಟ್ಟಿಂಗ್ಸ್) ಸೆಕ್ಯೂರ್ ಬೂಟ್, ಅಂದರೆ ಸಹಿ ಇಲ್ಲದ ಡ್ರೈವರ್ ತಡೆಯುವ ಕಾವಲು, ಆನ್ ಇದ್ದರೆ ಇನ್ನೊಂದು ಮೆಟ್ಟಿಲು. ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳುತ್ತದೆ. ರೀಸ್ಟಾರ್ಟ್ ಆದ ಕೂಡಲೇ ನೀಲಿ ಪರದೆಯೊಂದು ಬರುತ್ತದೆ. ಅದರಲ್ಲಿ "ಎನ್‌ರೋಲ್ ಎಂಒಕೆ" ಆರಿಸಿ, "ಕಂಟಿನ್ಯೂ", "ಯೆಸ್" ಒತ್ತಿ, ಅದೇ ಪಾಸ್‌ವರ್ಡ್ ಕೊಡಬೇಕು. ಆ ಪರದೆ ಕೆಲವೇ ಸೆಕೆಂಡು ಕಾಯುತ್ತದೆ. ಚಹಾ ತರಲು ಎದ್ದು ಹೋದರೆ ಮುಗಿಯಿತು, ಡ್ರೈವರ್ ಲೋಡ್ ಆಗುವುದಿಲ್ಲ, ಆಟ ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ ಕುಂಟುತ್ತದೆ. "ಲಿನಕ್ಸ್‌ನಲ್ಲಿ ಗೇಮ್ ನಿಧಾನ" ಎಂಬ ದೂರಿಗೆ ಇದೂ ಒಂದು ಕಾರಣ. ತಪ್ಪಿಹೋದರೆ ಡ್ರೈವರ್ ತೆಗೆದು ಮತ್ತೆ ಹಾಕಿ, ಪರದೆ ಮತ್ತೆ ಬರುತ್ತದೆ.

ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಇರುವುದರಿಂದ ಯಾವುದು ಕೆಲಸ ಮಾಡಬೇಕೆಂದೂ ಹೇಳಬೇಕು. ಡ್ರೈವರ್ ಕೂತ ಮೇಲೆ ಕೆಳಗಿನ ಪಟ್ಟಿಯಲ್ಲಿ ಎನ್ವಿಡಿಯಾ ಚಿಹ್ನೆ ಬರುತ್ತದೆ. ಪ್ಲಗ್ ಹಾಕಿಕೊಂಡು ಆಡುವಾಗ, ಎಡಿಟ್ ಮಾಡುವಾಗ "ಪರ್ಫಾರ್ಮೆನ್ಸ್" ಮೋಡ್. ಉಳಿದ ಹೊತ್ತಿಗೆ "ಆನ್-ಡಿಮ್ಯಾಂಡ್". ಬದಲಿಸಿದ ಮೇಲೆ ಲಾಗ್‌ಔಟ್ ಆಗಿ ಬನ್ನಿ.

ಸ್ಟೀಮ್ ಅನ್ನು ಫ್ಲಾಟ್‌ಪ್ಯಾಕ್ (ಯಾವ ಡಿಸ್ಟ್ರೊದಲ್ಲೂ ಓಡುವ ಪ್ರತ್ಯೇಕ ಕಟ್ಟು) ರೂಪದಲ್ಲಿ ಹಾಕದೆ ಡೆಬ್ (ಮಿಂಟ್‌ನದೇ ಪ್ಯಾಕೇಜ್) ರೂಪದಲ್ಲೇ ಹಾಕಿ. ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಎರಡೂ ಇರುತ್ತವೆ, "ಸಿಸ್ಟಮ್ ಪ್ಯಾಕೇಜ್" ಎಂದಿರುವುದನ್ನು ಆರಿಸಿ. ನಂತರ ಆಟದ ಮೇಲೆ ರೈಟ್-ಕ್ಲಿಕ್, "ಪ್ರಾಪರ್ಟೀಸ್", "ಕಂಪ್ಯಾಟಿಬಿಲಿಟಿ"; ಅಲ್ಲಿ ಪ್ರೋಟಾನ್ ಆವೃತ್ತಿ ಬದಲಿಸಬಹುದು. ಮೊದಲು ಡೀಫಾಲ್ಟ್, ಓಡದಿದ್ದರೆ "ಪ್ರೋಟಾನ್ ಎಕ್ಸ್‌ಪೆರಿಮೆಂಟಲ್". ಆಟದ ನಡುವಿನ ವಿಡಿಯೊ ಬರುವ ಜಾಗದಲ್ಲಿ ಬಣ್ಣದ ಪಟ್ಟಿಗಳು ಕಂಡರೆ ಅದು ವಿಡಿಯೊ ಕೋಡೆಕ್ ತೊಂದರೆ. ಪ್ರೋಟಾನ್‌ಅಪ್-ಕ್ಯೂಟಿ ಎಂಬ ಸಣ್ಣ ಸಾಧನದಿಂದ ಜಿಇ-ಪ್ರೋಟಾನ್ ಇಳಿಸಿ ಅದನ್ನು ಆರಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಮೊದಲ ಸಲ ಶುರುಮಾಡಿದಾಗ "ವಲ್ಕನ್ ಶೇಡರ್ಸ್" ಎಂದು ಹೇಳಿ ಬಹಳ ಹೊತ್ತು ಕಾಯಿಸುತ್ತದೆ. ಕಾಯಿರಿ, ಸ್ಕಿಪ್ ಮಾಡಿದರೆ ಆಟದ ನಡುವೆ ತಡವರಿಸುತ್ತದೆ. ಎಪಿಕ್, ಗಾಗ್ ಎಂಬ ಆನ್‌ಲೈನ್ ಅಂಗಡಿಗಳಲ್ಲಿ ಕೊಂಡ ಆಟಗಳಿಗೆ ಹೀರೋಯಿಕ್ ಲಾಂಚರ್ ಇದೆ.

ಮಗ ವಿಂಡೋಸ್‌ನಲ್ಲಿ ಇಳಿಸಿಟ್ಟ ಆಟಗಳ ಫೋಲ್ಡರನ್ನೇ ಲಿನಕ್ಸ್‌ನಲ್ಲೂ ತೋರಿಸಿ ಡೌನ್‌ಲೋಡ್ ಉಳಿಸೋಣ ಎನ್ನುತ್ತಾನೆ, ಒಪ್ಪಬೇಡಿ. ಆ ಡ್ರೈವ್ ಎನ್‌ಟಿಎಫ್‌ಎಸ್ ಎಂಬ ವಿಂಡೋಸ್ ಮಾದರಿಯದು. ಪ್ರೋಟಾನ್ ಪ್ರತಿ ಆಟಕ್ಕೂ ಒಂದು ನಕಲಿ ಸಿ ಡ್ರೈವ್ ಮಾಡುತ್ತದೆ, ಅದರಲ್ಲಿ ಹೆಸರಿನಲ್ಲೇ ಕೋಲನ್ ಇರುವ ಕೊಂಡಿಗಳಿರುತ್ತವೆ. ವಿಂಡೋಸ್‌ಗೆ ಅಂಥ ಹೆಸರು ವರ್ಜ್ಯ. ಆಟ ಶುರುವೇ ಆಗದೆ ನಿಲ್ಲುವುದು, ಡಿಸ್ಕ್‌ನಲ್ಲಿ ದೋಷ ಕಾಣಿಸುವುದು ಇದರಿಂದ. ಆಟಗಳಿಗೆ ಲಿನಕ್ಸ್ ಮಾದರಿಯ ಇಎಕ್ಸ್‌ಟಿ4 ಪಾರ್ಟಿಷನ್ ಪ್ರತ್ಯೇಕವಾಗಿರಲಿ. ಕೆಟ್ಟ ಆಟವನ್ನು ಸರಿಮಾಡಲು ಆ ನಕಲಿ ಡ್ರೈವ್ ಇರುವ "ಕಾಂಪ್ಯಾಟ್‌ಡೇಟಾ" ಫೋಲ್ಡರ್ ಅಳಿಸಿ ಎಂಬ ಸಲಹೆಯೂ ಸಿಗುತ್ತದೆ. ಸಲಹೆ ಸರಿ, ಆದರೆ ಎಷ್ಟೋ ಆಟಗಳ ಸೇವ್ ಫೈಲ್ ಅದರೊಳಗೇ ಇರುತ್ತದೆ, ಮೊದಲು ನಕಲು ತೆಗೆದಿಡಿ. ಮತ್ತೊಂದು ಮಾತು: ರೀಪ್ಯಾಕ್ (ಕದ್ದು ಹಂಚುವ) ಆಟಗಳನ್ನು ವೈನ್‌ನಲ್ಲಿ ಹಾಕಿದರೆ ವೈರಸ್ ಭಯವಿಲ್ಲ ಎನ್ನುವುದು ಸುಳ್ಳು. ವೈನ್ ನಿಮ್ಮ ಫೈಲ್‌ಗಳನ್ನೆಲ್ಲ ಝಡ್ ಡ್ರೈವ್ ಎಂದು ತೋರಿಸುತ್ತದೆ, ವಿಂಡೋಸ್ ವೈರಸ್ ಅದರ ಮೂಲಕ ಗಿರಾಕಿಯ ಮದುವೆ ಫೋಟೊಗಳನ್ನೂ ಮುಟ್ಟಬಲ್ಲದು.

ಅಂಗಡಿ ಕೆಲಸ

ಅಡೋಬಿಯ ಯಾವ ದೊಡ್ಡ ಪ್ರೋಗ್ರಾಮಿಗೂ ಲಿನಕ್ಸ್ ಆವೃತ್ತಿ ಇಲ್ಲ. ಫೋಟೊಶಾಪನ್ನು ವೈನ್‌ನಲ್ಲಿ ಓಡಿಸಿದ ಸುದ್ದಿ ಆಗಾಗ ಬರುತ್ತದೆ. ಗಿರಾಕಿ ಎದುರಿಗೆ ನಿಂತಿರುವಾಗ ನಂಬಬಹುದಾದ ಮಟ್ಟದ್ದಲ್ಲ. ಕೋರೆಲ್‌ಡ್ರಾ 2000ದ ಸುಮಾರಿಗೆ ಒಮ್ಮೆ ಲಿನಕ್ಸ್‌ಗೆ ಬಂದಿತ್ತು, ಕಂಪನಿ ಕೈಬಿಟ್ಟಿತು. ಈಗ ಉಳಿದಿರುವುದು ಬದಲಿ ಸಾಧನಗಳು: ಫೋಟೊಶಾಪ್ ಜಾಗಕ್ಕೆ ಗಿಂಪ್, ಕೋರೆಲ್ ಜಾಗಕ್ಕೆ ಇಂಕ್‌ಸ್ಕೇಪ್, ಪುಟವಿನ್ಯಾಸಕ್ಕೆ ಸ್ಕ್ರೈಬಸ್, ಚಿತ್ರ ಬಿಡಿಸಲು ಕ್ರಿತಾ.

2025ರ ಮಾರ್ಚ್‌ನಲ್ಲಿ ಬಂದ ಗಿಂಪ್ 3.0ರಲ್ಲಿ ಫಿಲ್ಟರ್ ಹಾಕಿದ ಮೇಲೂ ಮತ್ತೆ ತೆರೆದು ತಿದ್ದಬಹುದು. ಅದಿಲ್ಲದೆ ಹಳೆಯ ಗಿಂಪ್ ವೃತ್ತಿ ಕೆಲಸಕ್ಕೆ ತ್ರಾಸದಾಯಕವಾಗಿತ್ತು. ಮಿಂಟ್‌ನಲ್ಲಿ ಸಿಸ್ಟಮ್ ಪ್ಯಾಕೇಜ್ ಆಗಿ ಸಿಗುವುದು ಹಳೆಯ 2.10, ಆದ್ದರಿಂದ ಇದನ್ನು ಮಾತ್ರ ಫ್ಲಾಟ್‌ಪ್ಯಾಕ್‌ನಿಂದ ಹಾಕಿ. ಪಿಎಸ್‌ಡಿ ಫೈಲ್ ಲೇಯರ್ ಸಮೇತ ತೆರೆಯುತ್ತದೆ, ಆದರೆ ಲೇಯರ್ ಸ್ಟೈಲ್, ಸ್ಮಾರ್ಟ್ ಆಬ್ಜೆಕ್ಟ್‌ಗಳು ಪೂರ್ತಿ ಉಳಿಯುವುದಿಲ್ಲ. ಅಲ್ಬಮ್ ಟೆಂಪ್ಲೇಟ್‌ಗಳು ಬಹುತೇಕ ಇವುಗಳಿಂದಲೇ ಕಟ್ಟಿದವಾದ್ದರಿಂದ ಅಂಥವಕ್ಕೆ ಬ್ರೌಸರ್‌ನಲ್ಲೇ ನಡೆಯುವ ಫೋಟೊಪಿಯ ಗಿಂಪ್‌ಗಿಂತ ವಾಸಿ.

ಮುದ್ರಣದ ವಿಷಯಕ್ಕೆ ಬಂದರೆ ಒಂದು ಬಲೆ ಇದೆ. ಇಂಕ್‌ಸ್ಕೇಪ್ ಪಿಡಿಎಫ್ ಕೊಡುವುದು ಪರದೆಗಾಗಿ ಇರುವ ಆರ್‌ಜಿಬಿ ಬಣ್ಣಗಳಲ್ಲಿ. ಆಫ್‌ಸೆಟ್ ಪ್ರೆಸ್‌ನಲ್ಲಿ ಅದನ್ನು ಮುದ್ರಣದ ನಾಲ್ಕು ಶಾಯಿಗಳಾದ ಸಿಎಂವೈಕೆಗೆ (ಕೆ ಎಂದರೆ ಕಪ್ಪು) ತಿರುಗಿಸಿದಾಗ ಶುದ್ಧ ಕಪ್ಪು ಅಕ್ಷರ ನಾಲ್ಕೂ ಬಣ್ಣಗಳ ಮಿಶ್ರಣವಾಗುತ್ತದೆ. ಪ್ಲೇಟು ಕೂದಲೆಳೆಯಷ್ಟು ಜರುಗಿದರೂ ಸಣ್ಣ ಅಕ್ಷರದ ಅಂಚಿನಲ್ಲಿ ಕೆಂಪು-ನೀಲಿ ನೆರಳು ಬರುತ್ತದೆ. ಕನ್ನಡದ ಒತ್ತಕ್ಷರಗಳು ಸಣ್ಣವಾದ್ದರಿಂದ ಮೊದಲು ಮಸುಕಾಗುವುದೂ ಅವೇ. ಆದ್ದರಿಂದ ಅಲಂಕಾರ, ಗಣಪತಿ, ಬಾರ್ಡರ್ ಇಂಕ್‌ಸ್ಕೇಪ್‌ನಲ್ಲಿ ಮಾಡಿ, ಅಕ್ಷರಗಳನ್ನು ಸ್ಕ್ರೈಬಸ್‌ನಲ್ಲಿ ಹಾಕಿ ಬಣ್ಣವನ್ನು ಕೆ 100, ಉಳಿದ ಮೂರು ಸೊನ್ನೆ ಎಂದು ಇಡಿ. ಸುತ್ತ 3 ಮಿಮೀ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು), ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-1ಎ ಅಥವಾ ಎಕ್ಸ್-4 ಆಗಿ ರಫ್ತು. ಪ್ರೆಸ್‌ನವರು ಕೋರೆಲ್‌ನ ಸಿಡಿಆರ್ ಫೈಲೇ ಬೇಕು ಎಂದು ಪಟ್ಟು ಹಿಡಿದರೆ ಒಂದು ಪಿಡಿಎಫ್ ಕಳಿಸಿ ಒಂದು ಪ್ರೂಫ್ ತೆಗೆಸಿ ನೋಡಿ. ಅವರ ಕೋರೆಲ್ ಪಿಡಿಎಫ್ ತೆರೆಯುತ್ತದೆ. ಫ್ಲೆಕ್ಸ್‌ಗೆ ಇಷ್ಟೆಲ್ಲ ತಲೆಬಿಸಿ ಇಲ್ಲ.

ಕನ್ನಡ ಟೈಪಿಂಗ್ ಬಗ್ಗೆ ನಿಮ್ಮ ಹೆದರಿಕೆ ಎರಡು ಭಾಗದ್ದು. ಕೀಲಿಮಣೆಯ ಭಾಗ ಸುಲಭ. ಬೇರೆ ಬೇರೆ ಭಾಷೆ ಟೈಪ್ ಮಾಡಿಸುವ ಐಬಸ್ ಮತ್ತು ಅದರ ಎಂ17ಎನ್ ಪ್ಯಾಕೇಜ್ ಹಾಕಿ, ಇನ್‌ಪುಟ್ ಮೆಥಡ್ ಪಟ್ಟಿಯಲ್ಲಿ ಕನ್ನಡ ಕೆಜಿಪಿ ಸೇರಿಸಿದರೆ ನೀವು ನುಡಿಯಲ್ಲಿ ಒತ್ತುವ ಅದೇ ಕೀಲಿಗಳು. ಒತ್ತಕ್ಷರಕ್ಕೆ ಎಫ್ ಕೂಡ ಅಲ್ಲೇ ಇದೆ. ಹಾಕಿದ ಮೇಲೆ ಒಮ್ಮೆ ಲಾಗ್‌ಔಟ್ ಆಗಲೇಬೇಕು. ಇಲ್ಲವಾದರೆ ಕೆಲವು ಪ್ರೋಗ್ರಾಂಗಳಲ್ಲಿ ಕನ್ನಡ ಬರುತ್ತದೆ, ಕೆಲವದರಲ್ಲಿ ಬರುವುದಿಲ್ಲ, ಕಾರಣ ಹುಡುಕುತ್ತಾ ಅರ್ಧ ದಿನ ಹೋಗುತ್ತದೆ.

ಕಷ್ಟದ ಭಾಗ ಹಳೆಯ ಫೈಲ್‌ಗಳು. ನುಡಿಯ ಆಸ್ಕಿ ಫಾಂಟ್‌ಗಳಲ್ಲಿ ಮಾಡಿದ ಪತ್ರಿಕೆಯೊಳಗೆ ಇರುವುದು ನಿಜಕ್ಕೂ ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ, ಫಾಂಟ್ ಅವಕ್ಕೆ ಕನ್ನಡದ ರೂಪ ತೊಡಿಸಿರುತ್ತದೆ. ಆ ಟಿಟಿಎಫ್ ಫಾಂಟನ್ನು ಲಿನಕ್ಸ್‌ನಲ್ಲೂ ಹಾಕಿದರೆ ಹಳೆಯದನ್ನು ಓದಬಹುದು, ಮುದ್ರಿಸಬಹುದು. ಆದರೆ ಆಸ್ಕಿಯಲ್ಲಿ ಹೊಸದಾಗಿ ಟೈಪ್ ಮಾಡಲು ನುಡಿ ತಂತ್ರಾಂಶವೇ ಬೇಕು, ಅದು ವಿಂಡೋಸ್‌ನದು. ಆದ್ದರಿಂದ ಪದೇಪದೇ ಬಳಸುವ ಒಕ್ಕಣೆಗಳನ್ನು ಆಸ್ಕಿಯಿಂದ ಯೂನಿಕೋಡ್‌ಗೆ (ಕನ್ನಡ ಅಕ್ಷರಕ್ಕೆ ತನ್ನದೇ ಸಂಕೇತವಿರುವ ಪದ್ಧತಿ) ತಿರುಗಿಸುವ ಸಾಧನದಲ್ಲಿ ಹಾಕಿ ಒಂದು ಕಡೆ ಇಟ್ಟುಕೊಳ್ಳಿ. ಅರ್ಕಾವತ್ತು, ಅಂಕಿ, ಉದ್ಧರಣ ಚಿಹ್ನೆ ಇರುವಲ್ಲಿ ಪರಿವರ್ತನೆ ತಪ್ಪುವುದುಂಟು. ವಧೂವರರ ಹೆಸರು, ತಿಥಿ, ಮುಹೂರ್ತದ ಸಾಲುಗಳನ್ನು ಕಣ್ಣಾರೆ ಓದಿ. ಯೂನಿಕೋಡ್‌ನಲ್ಲಿ ಅಲಂಕಾರದ ಫಾಂಟ್ ಇಲ್ಲ ಎನ್ನುವುದು ಈಗ ಹಳೆಯ ಮಾತು. ನೋಟೊ ಸೆರಿಫ್ ಕನ್ನಡ, ಬಾಲೂ ತಮ್ಮ, ಅನೇಕ್ ಕನ್ನಡ, ಅಕಾಯ ಕನಡಕ, ಬೆಣ್ಣೆ ಎಲ್ಲ ಉಚಿತ. ಹುಬ್ಬಳ್ಳಿ ಎಂಬ ಹೆಸರಿನ ಫಾಂಟೇ ಒಂದಿದೆ. ಆದರೂ ಮುದ್ರಣದಲ್ಲಿ ಪಳಗಿದ ಹಳೆಯ ಫಾಂಟ್‌ಗಳ ವೈವಿಧ್ಯ ಅಲ್ಲಿ ಇನ್ನೂ ಇಲ್ಲ, ಅದನ್ನು ಒಪ್ಪಬೇಕು.

ಹೊಸ ಸಾಧನ ಯಾವುದೇ ಇರಲಿ, ಮೊದಲು "ಲಕ್ಷ್ಮೀ", "ರಾಷ್ಟ್ರ", "ಸ್ತ್ರೀ" ಎಂದು ಟೈಪ್ ಮಾಡಿ ನೋಡಿ. ಗಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ 1.6, ವಿಡಿಯೊ ಎಡಿಟಿಂಗ್‌ನ ಕೆಡೆನ್‌ಲೈವ್ ಇವುಗಳಲ್ಲಿ ಒತ್ತು ಸರಿಯಾಗಿ ಕೂರುತ್ತದೆ. ಮೂರು ಆಯಾಮದ ಚಿತ್ರ ಮಾಡುವ ಬ್ಲೆಂಡರ್‌ನಲ್ಲಿ ಕೂರುವುದಿಲ್ಲ, ಅದರ ಟೆಕ್ಸ್ಟ್ ಸಾಧನಕ್ಕೆ ಭಾರತೀಯ ಲಿಪಿಗಳ ಜೋಡಣೆ ಗೊತ್ತಿಲ್ಲ, ಒತ್ತು ಪಕ್ಕಕ್ಕೆ ಬಂದು ಹಲಂತವಾಗಿ ನಿಲ್ಲುತ್ತದೆ. ಮದುವೆ ವಿಡಿಯೊಗೆ ಮೂರು ಆಯಾಮದ ಕನ್ನಡ ಹೆಸರು ಬೇಕಿದ್ದರೆ ಇಂಕ್‌ಸ್ಕೇಪ್‌ನಲ್ಲಿ ಬರೆದು, "ಪಾತ್" ಮೆನುವಿನ "ಆಬ್ಜೆಕ್ಟ್ ಟು ಪಾತ್" ಒತ್ತಿ, ಎಸ್‌ವಿಜಿ ಆಗಿ ಉಳಿಸಿ ಬ್ಲೆಂಡರ್‌ಗೆ ತನ್ನಿ. ಆಮೇಲೆ ದಪ್ಪ ಕೊಡಬಹುದು, ಕಾಗುಣಿತ ತಿದ್ದಲಾಗದು. ಆದ್ದರಿಂದ ಇಂಕ್‌ಸ್ಕೇಪ್ ಮೂಲವನ್ನು ಪ್ರತ್ಯೇಕ ಇಟ್ಟುಕೊಂಡಿರಿ.

ವಿಡಿಯೊಗೆ ಎಲ್ಲರೂ ಡವಿಂಚಿ ರಿಸಾಲ್ವ್ ಹೆಸರು ಹೇಳುತ್ತಾರೆ. ಅದಕ್ಕೆ ನಿಜವಾದ ಲಿನಕ್ಸ್ ಆವೃತ್ತಿ ಇದೆ, ಆದರೆ ಹೇಳದೆ ಬಿಡುವ ವಿಷಯವೊಂದಿದೆ: ಲಿನಕ್ಸ್‌ನ ಉಚಿತ ಆವೃತ್ತಿ ಎಚ್.264, ಎಚ್.265 ಓದುವುದಿಲ್ಲ. ಅಂದರೆ ಕ್ಯಾಮರಾ, ಡ್ರೋನ್, ಮೊಬೈಲ್‌ನ ಎಂಪಿ4ಗಳು ಒಳಗೆ ಬರುವುದಿಲ್ಲ, ಬಂದರೆ ಧ್ವನಿ ಮಾತ್ರವೋ ಖಾಲಿ ಚಿತ್ರವೋ. ಎಎಸಿ ಧ್ವನಿಯ ವಿಷಯದಲ್ಲಿ 295 ಡಾಲರ್‌ನ ಸ್ಟುಡಿಯೊ ಆವೃತ್ತಿಯೂ ಬಹುಕಾಲ ಸತಾಯಿಸಿದೆ. ಎಫ್‌ಎಫ್‌ಎಂಪೆಗ್ ಎಂಬ ಪರಿವರ್ತಕದಿಂದ ಎಲ್ಲವನ್ನೂ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯು ಎಂಬ ಎಡಿಟಿಂಗ್ ಮಾದರಿಗೆ ತಿರುಗಿಸಿ ಒಳಗೆ ಹಾಕಬಹುದು, ಆದರೆ ಫುಲ್ ಎಚ್‌ಡಿಯ ಒಂದು ಗಂಟೆಯ ವಿಡಿಯೊ 80ರಿಂದ 100 ಜಿಬಿ ನುಂಗುತ್ತದೆ. ಒಂದು ಮದುವೆಗೆ ನಿಮ್ಮ ಹಾರ್ಡ್‌ಡಿಸ್ಕ್ ಅರ್ಧ ಭರ್ತಿ. ಮೇಲಾಗಿ ಲಿನಕ್ಸ್‌ನಲ್ಲಿ ಕಂಪನಿ ಕೇಳುವುದು 32 ಜಿಬಿ ರ‍್ಯಾಮ್. ಈ ಮಷೀನಿಗೆ ರಿಸಾಲ್ವ್ ಬೇಡ.

ಕೆಡೆನ್‌ಲೈವ್ ಸಾಕು. ಒಳಗೆ ಎಫ್‌ಎಫ್‌ಎಂಪೆಗ್ ಇರುವುದರಿಂದ ಎಂಪಿ4 ಯಾವುದಿದ್ದರೂ ತೆರೆಯುತ್ತದೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಪ್ರಾಕ್ಸಿ ಆನ್ ಮಾಡಿದರೆ 4ಕೆ ವಿಡಿಯೊ ಕೂಡ ಸಣ್ಣ ನಕಲಿನ ಮೇಲೆ ಸಲೀಸಾಗಿ ಕತ್ತರಿಸಬಹುದು, ಕೊನೆಯ ರೆಂಡರ್ ಮೂಲದಿಂದಲೇ ಆಗುತ್ತದೆ. ನೆಂಟರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಮೊಬೈಲ್ ವಿಡಿಯೊಗಳ ಫ್ರೇಮ್ ದರ ಏರುಪೇರಾಗಿರುತ್ತದೆ. ಕೆಡೆನ್‌ಲೈವ್ ಅದನ್ನು ಗುರುತಿಸಿ ಎಡಿಟಿಂಗ್‌ಗೆ ತಕ್ಕಂತೆ ಪರಿವರ್ತಿಸಲೇ ಎಂದು ಕೇಳುತ್ತದೆ, ಹೂಂ ಎನ್ನಿ; ಬೇಡ ಎಂದರೆ ಮಂಗಳಾಷ್ಟಕದ ಹೊತ್ತಿಗೆ ತುಟಿ ಒಂದು ಕಡೆ, ಧ್ವನಿ ಒಂದು ಕಡೆ. ಪ್ರೀಮಿಯರ್‌ನ ಹಳೆಯ ಪ್ರಾಜೆಕ್ಟ್‌ಗಳು ಇಲ್ಲಿ ತೆರೆಯುವುದಿಲ್ಲ. ಕೈಯಲ್ಲಿರುವ ಮದುವೆಗಳನ್ನು ವಿಂಡೋಸ್‌ನಲ್ಲೇ ಮುಗಿಸಿ, ಹೊಸ ಮದುವೆಯನ್ನು ಇಲ್ಲಿ ಶುರುಮಾಡಿ. ಐದು ನಿಮಿಷಕ್ಕೊಮ್ಮೆ ಉಳಿಸುವ ಅಭ್ಯಾಸ ಇಟ್ಟುಕೊಳ್ಳಿ, ಕೆಡೆನ್‌ಲೈವ್ ಆಗಾಗ ಕುಸಿಯುವುದು ಸುಳ್ಳಲ್ಲ.

ಹಾಗಾದರೆ ಏನು ಮಾಡುವುದು

ವಿಂಡೋಸ್ 11ಕ್ಕೆ ಅಡ್ಡಿ ನಿಮ್ಮ ಪ್ರೊಸೆಸರ್; ಕೆಲವೇ ಅಪವಾದ ಬಿಟ್ಟರೆ ಇಂಟೆಲ್‌ನ 8ನೇ ಪೀಳಿಗೆಯಿಂದ ಮಾತ್ರ ಪಟ್ಟಿಯಲ್ಲಿದೆ, ನಿಮ್ಮದು 7ನೆಯದು. ರೂಫಸ್ ಎಂಬ ಸಾಧನ ಬಳಸಿ ಅಡ್ಡದಾರಿಯಲ್ಲಿ ಹಾಕಿಕೊಡುವವರಿದ್ದಾರೆ. ಓಡುತ್ತದೆ, ಆದರೆ ಮುಂದಿನ ಅಪ್‌ಡೇಟ್‌ಗಳು ಬರುತ್ತವೆಂಬ ಖಾತ್ರಿಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದರೂ ಇಎಸ್‌ಯು ಎಂಬ ಹೆಚ್ಚುವರಿ ಅಪ್‌ಡೇಟ್ ಯೋಜನೆಗೆ ಹೆಸರು ನೋಂದಾಯಿಸಿದವರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಇದೆ. ಸೆಟ್ಟಿಂಗ್ಸ್ ಅನ್ನು ಮೈಕ್ರೋಸಾಫ್ಟ್ ಖಾತೆಗೆ ಸಿಂಕ್ ಮಾಡಿದರೆ ಹಣ ಕೊಡಬೇಕಿಲ್ಲ. ಅದು ಸಮಯ ಗಳಿಸಿಕೊಳ್ಳುವ ದಾರಿ, ಮುಕ್ತಿಯಲ್ಲ.

ಒಂದೇ ಏಟಿಗೆ ವಿಂಡೋಸ್ ಒರೆಸಿ ಹಾಕುವುದನ್ನು ನಾನು ಒಪ್ಪುವುದಿಲ್ಲ, ನಿಮ್ಮ ಕೆಲಸಕ್ಕಂತೂ ಖಂಡಿತ ಬೇಡ. ಎರಡನ್ನೂ ಇಟ್ಟುಕೊಳ್ಳುವುದು ಸರಿ, ಆದರೆ ಒಂದೇ ಡಿಸ್ಕನ್ನು ಹರಿದು ಹಂಚಬೇಡಿ. ಹಾರ್ಡ್‌ಡಿಸ್ಕ್ ಜಾಗಕ್ಕೆ 500 ಜಿಬಿ ಅಥವಾ 1 ಟಿಬಿಯ ಸಾಟಾ ಎಸ್‌ಎಸ್‌ಡಿ ಹಾಕಿಸಿ ಲಿನಕ್ಸ್ ಅದರಲ್ಲಿರಲಿ, ವಿಂಡೋಸ್ ಈಗಿರುವ 128 ಜಿಬಿಯಲ್ಲೇ ಇರಲಿ, ತೆಗೆದ ಹಾರ್ಡ್‌ಡಿಸ್ಕ್ ಯುಎಸ್‌ಬಿ ಪೆಟ್ಟಿಗೆಯಲ್ಲಿ ಬ್ಯಾಕಪ್ ಆಗಲಿ. ಇನ್ನೊಂದು 8 ಜಿಬಿ ಡಿಡಿಆರ್4 ರ‍್ಯಾಮ್ ಸೇರಿಸಿ 16 ಮಾಡಿಸಿ. ಇವೆರಡರ ಖರ್ಚು ಹೊಸ ಲ್ಯಾಪ್‌ಟಾಪ್‌ನ ಹತ್ತಿರವೂ ಬರುವುದಿಲ್ಲ.

ಹಾಕುವ ಮುನ್ನ 8 ಜಿಬಿ ಪೆನ್‌ಡ್ರೈವ್‌ನಿಂದ ಮಿಂಟ್ ಅನ್ನು ಹಾಗೇ ಓಡಿಸಿ ವೈಫೈ, ಧ್ವನಿ, ಪ್ರಿಂಟರ್, ಮುಚ್ಚಿ ತೆರೆದರೆ ಎಚ್ಚರವಾಗುತ್ತದೆಯೇ ಎಲ್ಲ ನೋಡಿ. ವಿಂಡೋಸ್‌ನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದರೆ ಅದರ ರಿಕವರಿ ಕೀ ಕಾಗದದಲ್ಲಿ ಬರೆದಿಡಿ. ಕಂಟ್ರೋಲ್ ಪ್ಯಾನೆಲ್‌ನಲ್ಲಿ "ಫಾಸ್ಟ್ ಸ್ಟಾರ್ಟ್‌ಅಪ್" ತೆಗೆಯಿರಿ. ಅದು ಇದ್ದರೆ ವಿಂಡೋಸ್ ಪೂರ್ತಿ ನಿಲ್ಲದೆ ಅರೆನಿದ್ದೆಯಲ್ಲಿರುತ್ತದೆ, ಲಿನಕ್ಸ್‌ನಿಂದ ಆ ಡ್ರೈವ್‌ಗೆ ಏನೂ ಬರೆಯಲಾಗುವುದಿಲ್ಲ. ಎರಡೂ ಬಳಸಲು ಶುರುಮಾಡಿದ ಮೇಲೆ ವಿಂಡೋಸ್‌ನ ಗಡಿಯಾರ ಐದೂವರೆ ಗಂಟೆ ಹಿಂದೆ ಹೋದರೆ ಬ್ಯಾಟರಿ ಕೆಟ್ಟಿದೆ ಎಂದುಕೊಳ್ಳಬೇಡಿ. ಮದರ್‌ಬೋರ್ಡ್ ಗಡಿಯಾರವನ್ನು ಲಿನಕ್ಸ್ ಯುಟಿಸಿ (ಅಂತರರಾಷ್ಟ್ರೀಯ ಸಮಯ) ಎಂದೂ ವಿಂಡೋಸ್ ಭಾರತೀಯ ಸಮಯ ಎಂದೂ ಓದುತ್ತವೆ. ಲಿನಕ್ಸ್‌ಗೆ ಸ್ಥಳೀಯ ಸಮಯ ಬಳಸಲು ಒಂದು ಸಲ ಹೇಳಿದರೆ ಸಾಕು.

ಕೋರೆಲ್, ನುಡಿ ಇನ್ನೂ ಬೇಕೇ ಬೇಕು ಎನ್ನುವಷ್ಟು ದಿನ ಲಿನಕ್ಸ್‌ನೊಳಗೆ ವರ್ಚುವಲ್‌ಬಾಕ್ಸ್ ಎಂಬ ವರ್ಚುವಲ್ ಮಷೀನ್‌ನಲ್ಲಿ ಲೈಸೆನ್ಸ್ ಇರುವ ವಿಂಡೋಸ್ ಒಂದನ್ನು 6 ಜಿಬಿ ರ‍್ಯಾಮ್ ಕೊಟ್ಟು ಇಟ್ಟುಕೊಳ್ಳಬಹುದು. ಸಾಫ್ಟ್‌ವೇರ್ ಆ್ಯಕ್ಟಿವೇಟ್ ಆದ ಮೇಲೆ ಅದರ ಇಂಟರ್ನೆಟ್ ಸಂಪರ್ಕ ತೆಗೆದುಬಿಡಿ, ಫೈಲ್ ಓಡಾಟಕ್ಕೆ ಶೇರ್ಡ್ ಫೋಲ್ಡರ್ ಒಂದೇ ಇರಲಿ. ಅಪ್‌ಡೇಟ್ ಇಲ್ಲದ ವಿಂಡೋಸ್‌ನ ಅಪಾಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ. ಪತ್ರಿಕೆ ತಿದ್ದುವ ಕೆಲಸಕ್ಕೆ ಇದು ಸಾಕಾಗುತ್ತದೆ, ಪ್ರೀಮಿಯರ್‌ಗೆ ಆಗುವುದಿಲ್ಲ.

ಆಗ 128 ಜಿಬಿ ಡಿಸ್ಕಿನ ವಿಂಡೋಸ್ 10ರಲ್ಲಿ ಉಳಿಯುವುದು ಮಗನ ವ್ಯಾಲೊರೆಂಟ್, ಜೊತೆಗೆ ಮುಗಿಸಬೇಕಾದ ಹಳೆಯ ಪ್ರೀಮಿಯರ್ ಕೆಲಸ. ಅದರಲ್ಲಿ ಬ್ಯಾಂಕ್, ಜಿಎಸ್‌ಟಿ, ಗಿರಾಕಿಗಳ ಇಮೇಲ್ ತೆರೆಯುವುದನ್ನು ಇಎಸ್‌ಯು ಮುಗಿಯುವ ಮೊದಲೇ ನಿಲ್ಲಿಸಿ, ಅವೆಲ್ಲ ಮಿಂಟ್‌ನ ಫೈರ್‌ಫಾಕ್ಸ್‌ನಲ್ಲಿ ನಡೆಯಲಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಬಳಸುತ್ತಿದ್ದರೆ ಅದನ್ನು ಮಾತ್ರ ಮೊದಲೇ ಪರೀಕ್ಷಿಸಿ. ಟೋಕನ್ ಕಂಪನಿಯ ಲಿನಕ್ಸ್ ಡ್ರೈವರ್ ಇದ್ದರೂ ಪೋರ್ಟಲ್ ಜೊತೆ ಹೊಂದಿಕೊಳ್ಳದೆ ಸತಾಯಿಸುವುದುಂಟು.

ಬದಲಾವಣೆಗೆ ಆಷಾಢವನ್ನೇ ಆರಿಸಿಕೊಳ್ಳಿ, ಮದುವೆ ಪತ್ರಿಕೆಯ ಗಡಿಬಿಡಿ ಆಗ ಇರುವುದಿಲ್ಲ.